ಕಿವಿಗೆಂದೇ ಸಜ್ಜಾದ ಪ್ಲೇಯರ್: ಹಳೇ ಕ್ಲಿಪ್ ಪ್ಲಸ್‌ಗೆ ಕನ್ನಡ ದನಿ

ಸ್ಯಾನ್‌ಡಿಸ್ಕ್ ಸಾನ್ಸಾ ಕ್ಲಿಪ್ ಪ್ಲಸ್ 2009ರಲ್ಲಿ ಬಂದ ಪ್ಲೇಯರ್. ಹೆಚ್ಚುಕಮ್ಮಿ ಬೆಂಕಿಪೊಟ್ಟಣದ ಗಾತ್ರ. ಮೈಕ್ರೊ ಎಸ್‌ಡಿ ಕಾರ್ಡ್ ಹಾಕಬಹುದು, ಬೆನ್ನಿಗೆ ಕ್ಲಿಪ್ಪು, ಮುಖದ ಮೇಲೆ ನಿಜವಾದ ಗುಂಡಿಗಳು. ಈ ಕೊನೆಯದ್ದೇ ನನಗೆ ಮುಖ್ಯವಾಗಿತ್ತು. ಇದನ್ನು ಕಣ್ಣು ಕಾಣದ ಗೆಳೆಯನೊಬ್ಬನಿಗೆ, ಕನ್ನಡದಲ್ಲಿ ಮಾತಾಡುವ ಪಾಡ್‌ಕಾಸ್ಟ್ ಪ್ಲೇಯರ್ ಆಗಿ ಬದಲಾಯಿಸಿದ್ದೇನೆ. ಮಾಡಿದ್ದನ್ನೆಲ್ಲ ಇಲ್ಲಿ ಬರೆದಿಡುತ್ತೇನೆ, ಇನ್ಯಾರಿಗಾದರೂ ಬೇಕಾಗಬಹುದು.

ಫೋನ್ ಇರುವಾಗ ಇದ್ಯಾಕೆ ಅಂತ ಕೇಳಬಹುದು. ಅವನು ಫೋನನ್ನು ನನಗಿಂತ ಜೋರಾಗಿ ಬಳಸುತ್ತಾನೆ. ಟಾಕ್‌ಬ್ಯಾಕ್ (ಪರದೆಯಲ್ಲಿರುವುದನ್ನು ಓದಿ ಹೇಳುವ ಆಂಡ್ರಾಯ್ಡ್ ಸ್ಕ್ರೀನ್ ರೀಡರ್) ಅವನಿಗೆ ನೀರು ಕುಡಿದಷ್ಟು ಸುಲಭ. ತೊಂದರೆ ಬೇರೆ ಕಡೆ ಇದೆ. ಪಾಡ್‌ಕಾಸ್ಟ್ ಓಡುತ್ತಿರುವಾಗಲೇ ಸ್ಕ್ರೀನ್ ರೀಡರ್ ಅದರ ಮೇಲೆ ಮಾತಾಡುತ್ತದೆ. ಮೆಸೇಜು, ಕರೆ, ಬ್ಯಾಟರಿ, ಎಲ್ಲವೂ ಅದೇ ಕಿವಿಗೆ ಬಂದು ಬೀಳುತ್ತವೆ. ನುಣುಪಾದ ಗಾಜಿನ ಮೇಲೆ ಒದ್ದೆ ಕೈಯಲ್ಲಿ ‘ಹಿಂದಕ್ಕೆ ಹೋಗು’ ಹುಡುಕುವುದು ಇನ್ನೊಂದು ಗೋಳು. ಜೇಬಿನೊಳಗೆ ಕೈ ಹಾಕಿ ಒತ್ತಿದರೆ ಕೆಲಸ ಆಗಬೇಕು, ಅಷ್ಟೇ. ಜೊತೆಗೆ ಒಂದು ಷರತ್ತೂ ಹಾಕಿದ: “ಪ್ಲೇಯರ್ ಮಾತಾಡಿದರೆ ಸಾಲದು ಕಣೋ. ಒತ್ತಿದ ತಕ್ಷಣ ಉತ್ತರ ಕೊಡಬೇಕು, ಬೇಕಾದ್ದನ್ನೇ ಮೊದಲು ಹೇಳಬೇಕು.” ಕೆಲಸದ ಮುಕ್ಕಾಲು ಪಾಲು ಹೋಗಿದ್ದು ಈ ಒಂದು ಮಾತಿಗೆ.

ಮೊದಲು ಬ್ಯಾಟರಿ

ಇಷ್ಟು ಹಳೇ ಪ್ಲೇಯರ್‌ಗಳಲ್ಲಿ ಬ್ಯಾಟರಿ ದಣಿದಿರುತ್ತದೆ. ಒಳಗಿರುವುದು ಚಪ್ಪಟೆ ಲಿಥಿಯಂ ಪಾಲಿಮರ್ ಬ್ಯಾಟರಿ. ವೈರುಗಳು ಬೋರ್ಡಿಗೆ ನೇರ ಬೆಸುಗೆ ಆಗಿವೆ, ಕನೆಕ್ಟರ್ ಇಲ್ಲ. ಪ್ಲಾಸ್ಟಿಕ್ ಮೈ ಕೊಂಡಿಗಳ ಮೇಲೆ ಕೂತಿರುತ್ತದೆ. ಗಿಟಾರ್ ಪಿಕ್ ಥರದ ತೆಳು ಪ್ಲಾಸ್ಟಿಕ್ಕನ್ನು ಅಂಚಿನಲ್ಲಿ ತೂರಿಸಿ ಸುತ್ತ ಎಳೆದರೆ ಬಿಚ್ಚಿಕೊಳ್ಳುತ್ತದೆ. ಲೋಹದ ಸ್ಕ್ರೂಡ್ರೈವರ್ ಮಾತ್ರ ತೂರಿಸಬೇಡಿ. ಬ್ಯಾಟರಿಗೆ ತೂತು ಬಿದ್ದರೆ ಬೆಂಕಿ ಹತ್ತಬಹುದು.

ಒಂದು ಸಲಕ್ಕೆ ಒಂದೇ ವೈರ್ ಬಿಡಿಸಿ, ಬಿಡಿಸಿದ ತುದಿಗೆ ತಕ್ಷಣ ಟೇಪ್ ಸುತ್ತಿ. ಎರಡನ್ನೂ ಒಟ್ಟಿಗೆ ಕಟ್ಟರ್‌ನಿಂದ ಕತ್ತರಿಸಿದರೆ ಕಟ್ಟರ್ ಮೂಲಕವೇ ಶಾರ್ಟ್ ಆಗುತ್ತದೆ. ಹೊಸ ಬ್ಯಾಟರಿಯೂ 3.7 ವೋಲ್ಟಿನದೇ ಇರಲಿ, ರಕ್ಷಣೆಯ ಪುಟ್ಟ ಸರ್ಕ್ಯೂಟ್ ಅದರಲ್ಲೇ ಇರಲಿ. ದಪ್ಪ ಮಾತ್ರ ಅಳೆದು ತನ್ನಿ. ಕೂದಲೆಳೆಯಷ್ಟು ದಪ್ಪ ಜಾಸ್ತಿಯಾದರೂ ಮುಚ್ಚಳ ಕೂರುವುದಿಲ್ಲ, ಒತ್ತಿ ಕೂರಿಸುವುದು ಒಳ್ಳೆಯದಲ್ಲ.

ಮುಚ್ಚುವ ಮುಂಚೆ ಗುಂಡಿಗಳ ಗುರುತು. ನಡುವಿನ ಗುಂಡಿಗೆ ಒಂದು ಹನಿ ಎಪಾಕ್ಸಿ ಇಡೋಣ ಅಂತ ನನ್ನ ಲೆಕ್ಕ. ಅವನು ಪ್ಲೇಯರನ್ನು ಕೈಯಲ್ಲಿ ಎರಡು ಸಲ ಹೊರಳಿಸಿ ಬೇಡ ಅಂದ. ನಡುವಿನದು ನಾಲ್ಕು ಗುಂಡಿಗಳ ಮಧ್ಯೆಯೇ ಇರುತ್ತದೆ, ಹುಡುಕುವ ಮಾತೇ ಇಲ್ಲ. ದಾರಿ ತಪ್ಪುವುದು ಪಕ್ಕದ ಹೋಮ್ ಗುಂಡಿ. ಅದಕ್ಕೇ ಹನಿ ಬಿತ್ತು. ನೋಡುವವರು ಮತ್ತು ಮುಟ್ಟುವವರು ಒಂದೇ ವಸ್ತುವನ್ನು ಬೇರೆ ಬೇರೆ ಥರ ಓದುತ್ತಾರೆ, ಅಲ್ವಾ. ಉಬ್ಬು ಚುಕ್ಕಿ ಎಲ್ಲಿ ಅಂಟಿಸಬೇಕು ಅನ್ನುವುದನ್ನು ಬಳಸುವವರೇ ಹೇಳಬೇಕು.

ರಾಕ್‌ಬಾಕ್ಸ್ ಹಾಕುವುದು

ಪ್ಲೇಯರ್ ಜೊತೆ ಬಂದ ಫರ್ಮ್‌ವೇರ್, ಅಂದರೆ ಅದನ್ನು ಓಡಿಸುವ ಒಳಗಿನ ತಂತ್ರಾಂಶ, ಮಾತಾಡುವುದಿಲ್ಲ. ಅದರ ಜಾಗಕ್ಕೆ ರಾಕ್‌ಬಾಕ್ಸ್. ಇದು ಮುಕ್ತ ತಂತ್ರಾಂಶ. 2001ರ ಕೊನೆಯಲ್ಲಿ ಆರ್ಕೋಸ್ ಪ್ಲೇಯರ್‌ಗಳಿಗಾಗಿ ಸ್ವೀಡನ್ನಿನ ಕೆಲವರು ಶುರು ಮಾಡಿದ್ದು, ಆಮೇಲೆ ಐಪಾಡ್, ಸಾನ್ಸಾ ಅಂತ ಬೆಳೆಯಿತು. ಮೆನು ಮಾತಾಡುವ ಸೌಲಭ್ಯ ಇದರಲ್ಲಿ ಬಹಳ ಹಿಂದಿನಿಂದ ಇದೆ.

ಹಾಕುವುದಕ್ಕೆ ರಾಕ್‌ಬಾಕ್ಸ್ ಯುಟಿಲಿಟಿ ಅನ್ನುವ ಕಂಪ್ಯೂಟರ್ ಪ್ರೋಗ್ರಾಂ ಸಾಕು. ಕ್ಲಿಪ್ ಪ್ಲಸ್‌ಗೆ ಮೂಲ ಫರ್ಮ್‌ವೇರ್ ಫೈಲನ್ನೂ ಇಳಿಸಿ ಅದಕ್ಕೆ ಕೊಡಬೇಕು. ಅದು ಆ ಫೈಲಿಗೇ ಬೂಟ್‌ಲೋಡರ್ (ಆನ್ ಆದಾಗ ರಾಕ್‌ಬಾಕ್ಸನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಂ) ಸೇರಿಸಿ ಪ್ಲೇಯರ್‌ಗೆ ಹಾಕುತ್ತದೆ. ಯುಎಸ್‌ಬಿ ಬಿಡಿಸಿದ ಮೇಲೆ ಪ್ಲೇಯರ್ ತನ್ನನ್ನು ತಾನೇ ಅಪ್‌ಡೇಟ್ ಮಾಡಿಕೊಳ್ಳುತ್ತದೆ. ಅಷ್ಟು ಹೊತ್ತು ಸುಮ್ನೆ ಬಿಡಿ.

ಹೀಗೆ ಮಾಡಿದಾಗ ಹಳೇ ಫರ್ಮ್‌ವೇರ್ ಅಳಿಸಿ ಹೋಗುವುದಿಲ್ಲ. ಎಡ ಗುಂಡಿ ಒತ್ತಿಕೊಂಡು ಆನ್ ಮಾಡಿದರೆ ಅದೇ ಏಳುತ್ತದೆ. ಕಣ್ಣಿರುವವರಿಗೆ ಇದು ಅನುಕೂಲ. ಅವನಿಗೆ ಇದು ಗುಂಡಿ (ಒತ್ತುವುದಲ್ಲ, ಬೀಳುವುದು). ಜೇಬಿನಲ್ಲಿ ಎಡ ಗುಂಡಿ ಒತ್ತಿಹೋಗಿ ಆನ್ ಆದರೆ ಪ್ಲೇಯರ್ ಮೂಕ. ಕೆಟ್ಟಿತು ಅಂತಲೇ ಅನಿಸುತ್ತದೆ. ಆದ್ದರಿಂದ ಮೊದಲ ದಿನವೇ ಇದನ್ನು ಹೇಳಿಕೊಡಬೇಕು: ಆನ್ ಮಾಡಿದ ಮೇಲೆ ಮಾತು ಬರದಿದ್ದರೆ ಆಫ್ ಮಾಡು, ಬೆರಳನ್ನು ಮುಂಭಾಗದಿಂದ ಪೂರ್ತಿ ತೆಗೆ, ಮತ್ತೆ ಆನ್ ಮಾಡು.

ಕಾರ್ಡ್ ವಿಷಯ ಒಂದೇ ಸಾಲಿನಲ್ಲಿ ಮುಗಿಯುತ್ತದೆ. 32 ಜಿಬಿಗಿಂತ ದೊಡ್ಡ ಕಾರ್ಡ್‌ಗಳು ಎಕ್ಸ್‌ಫ್ಯಾಟ್ ಅನ್ನುವ ಫೈಲ್ ವ್ಯವಸ್ಥೆಯಲ್ಲಿ ಬರುತ್ತವೆ, ಅವನ್ನು ಫ್ಯಾಟ್32ಕ್ಕೆ ಫಾರ್ಮ್ಯಾಟ್ ಮಾಡಿದರೆ ಪ್ಲೇಯರ್ ಓದುತ್ತದೆ.

ಸೆಟ್ಟಿಂಗ್ಸ್

ದನಿಯ ಸೆಟ್ಟಿಂಗ್‌ಗಳಲ್ಲಿ ಮೆನು, ಫೋಲ್ಡರ್, ಫೈಲ್ ಮೂರಕ್ಕೂ ಬೇರೆ ಬೇರೆ ಆಯ್ಕೆ ಇದೆ. ಮೆನು ದನಿ ಆನ್. ಫೋಲ್ಡರ್ ಮತ್ತು ಫೈಲ್ ಎರಡಕ್ಕೂ ‘ಟಾಕ್ ಕ್ಲಿಪ್ (ಹೆಸರು ಹೇಳುವ ಸಣ್ಣ ಧ್ವನಿ ಫೈಲ್) ಬಳಸು’ ಆನ್. ಕ್ಲಿಪ್ ಇಲ್ಲದ ಫೈಲಿಗೆ ಏನು ಹೇಳಬೇಕು ಅನ್ನುವಲ್ಲಿ ‘ಸಂಖ್ಯೆ’ ಇಟ್ಟೆ. ಇನ್ನೊಂದು ಆಯ್ಕೆ ಅಕ್ಷರ ಅಕ್ಷರವಾಗಿ ಹೇಳುವುದು. ಉದ್ದ ಹೆಸರಿನ ಫೈಲ್ ಬಂದರೆ ಅದನ್ನು ಕೇಳುವ ಹೊತ್ತಿಗೆ ತಾಳ್ಮೆ ಮುಗಿಯುತ್ತದೆ. ಬ್ಯಾಟರಿ ಇಳಿದಾಗ ತಾನಾಗಿ ಹೇಳುವ ಆಯ್ಕೆಯೂ ಇದೆ, ಅದೂ ಆನ್.

ಮೆನುವಿನ ಮೂಲೆಯಲ್ಲಿ ಅಡಗಿರುವ ಮೂರು ಸಂಗತಿ ಇವೆ. ಮೊದಲನೆಯದು, ಬ್ಯಾಕ್‌ಲೈಟ್ ಆರಿದಾಗ ಮೊದಲ ಒತ್ತು ಬರೀ ಬೆಳಕು ಹಚ್ಚುವುದಕ್ಕೆ ಅನ್ನುವ ಆಯ್ಕೆ. ಅದು ಆಫ್ ಇರಲೇಬೇಕು, ಇಲ್ಲದಿದ್ದರೆ ಪ್ರತಿ ಸಲ ಮೊದಲ ಒತ್ತು ವ್ಯರ್ಥ. ಎರಡನೆಯದು ಕೀಕ್ಲಿಕ್, ಗುಂಡಿ ಒತ್ತಿದಾಗ ಬರುವ ಸಣ್ಣ ಟಿಕ್ ಸದ್ದು. ಮಾತು ಬರುವ ಮುಂಚೆಯೇ ‘ಒತ್ತಿದ್ದು ತಲುಪಿತು’ ಅಂತ ಗೊತ್ತಾಗುತ್ತದೆ. ಮೂರನೆಯದು ಚಾನೆಲ್ ಮಾನೊ. ರಸ್ತೆಯಲ್ಲಿ ನಡೆಯುವಾಗ ಅವನು ಒಂದೇ ಕಿವಿಗೆ ಇಯರ್‌ಫೋನ್ ಹಾಕುತ್ತಾನೆ, ಇನ್ನೊಂದು ಕಿವಿ ರಸ್ತೆಗೆ. ಸ್ಟೀರಿಯೊದಲ್ಲಿ ಕೆಲವು ಪಾಡ್‌ಕಾಸ್ಟ್‌ಗಳು ಪ್ರಶ್ನೆ ಕೇಳುವವರನ್ನು ಎಡಕ್ಕೆ, ಉತ್ತರ ಕೊಡುವವರನ್ನು ಬಲಕ್ಕೆ ಕೂರಿಸುತ್ತವೆ. ಒಂದು ಕಿವಿಯಲ್ಲಿ ಕೇಳುವವನಿಗೆ ಬರೀ ಪ್ರಶ್ನೆಗಳೇ ಸಿಗುತ್ತವೆ!

ವೇಗ ಹೆಚ್ಚಿಸುವುದಕ್ಕೆ ಟೈಮ್‌ಸ್ಟ್ರೆಚ್ ಆನ್ ಮಾಡಿ ಒಮ್ಮೆ ರೀಸ್ಟಾರ್ಟ್ ಮಾಡಬೇಕು. ಆಮೇಲೆ ದನಿ ಕೀರಲಾಗದೆ ವೇಗ ಮಾತ್ರ ಏರುತ್ತದೆ. ಅವನು ಕೇಳುವ ವೇಗದಲ್ಲಿ ನನಗೆ ಒಂದು ಪದವೂ ಹಿಡಿಯುವುದಿಲ್ಲ.

ಮೆನು ಕನ್ನಡದಲ್ಲಿ

ರಾಕ್‌ಬಾಕ್ಸ್ ಮೆನುವಿನ ಇಂಗ್ಲಿಷ್ ದನಿ ಸಿದ್ಧವಾಗಿಯೇ ಸಿಗುತ್ತದೆ. ಕನ್ನಡ ಬೇಕಾದರೆ ಕಟ್ಟಿಕೊಳ್ಳಬೇಕು. ರಾಕ್‌ಬಾಕ್ಸ್‌ನ ಭಾಷಾ ಫೈಲ್ ತೆರೆದು ನೋಡಿದರೆ ಪ್ರತಿ ಮಾತಿಗೂ ಎರಡು ಪಾಠ ಇರುತ್ತವೆ. ಒಂದು ಪರದೆಗೆ, ಒಂದು ದನಿಗೆ. ಪರದೆಯ ಪಾಠವನ್ನು ಮುಟ್ಟಲೇ ಇಲ್ಲ. ದನಿಯ ಭಾಗದಲ್ಲಿ ಮಾತ್ರ ಕನ್ನಡ ಬರೆದೆ. ಪರದೆಯಲ್ಲಿ ಇಂಗ್ಲಿಷೇ ಇದ್ದರೆ ನಾನು ನೋಡಿ ಸಹಾಯ ಮಾಡುವುದಕ್ಕೂ ಸುಲಭ, ಕನ್ನಡ ಫಾಂಟಿನ ಒತ್ತಕ್ಷರದ ರಗಳೆಯೂ ಇಲ್ಲ. ಎಲ್ಲ ಸಾಲುಗಳನ್ನೂ ಬದಲಿಸಿಲ್ಲ. ಈಕ್ವಲೈಜರ್ ಒಳಗಿನ ಪದಗಳು ಹಾಗೇ ಇವೆ. ದಿನಾ ಕೈಗೆ ಸಿಗುವವು ಕನ್ನಡವಾದರೆ ಸಾಕು.

ದನಿ ಕೊಟ್ಟಿದ್ದು ಇಸ್ಪೀಕ್ ಎನ್‌ಜಿ. ಇದು ಪುಟ್ಟ ಮುಕ್ತ ಟಿಟಿಎಸ್ (ಬರಹವನ್ನು ಮಾತಾಗಿಸುವ ತಂತ್ರಾಂಶ), ಕನ್ನಡ ಬಲ್ಲದು. ದನಿ ಯಂತ್ರದ್ದೇ, ಮೊದಲು ಕೇಳಿದವರು ಮೂಗು ಮುರಿಯುತ್ತಾರೆ. ಆದರೆ ಸ್ಕ್ರೀನ್ ರೀಡರ್ ಬಳಸುವವರಿಗೆ ಇಂಥ ದನಿಯೇ ಇಷ್ಟ. ವೇಗ ಏರಿಸಿದರೂ ಅಕ್ಷರ ಕಲಸುವುದಿಲ್ಲ. ಇಂಪಾದ ದನಿ ಹುಡುಕುತ್ತಾ ಕೂರುವ ಅಗತ್ಯವಿಲ್ಲ.

ಸಂಖ್ಯೆಗಳಲ್ಲಿ ಮಜಾ ಇದೆ. ರಾಕ್‌ಬಾಕ್ಸ್ ಬಳಿ ಪ್ರತಿ ಸಂಖ್ಯೆಗೂ ಬೇರೆ ಕ್ಲಿಪ್ ಇಲ್ಲ. ಹತ್ತರ ಪದಕ್ಕೆ ಬಿಡಿ ಪದ ಜೋಡಿಸುತ್ತದೆ. ಹಾಗಾಗಿ 23 ಅಂದರೆ ‘ಇಪ್ಪತ್ತು ಮೂರು’, 120 ಅಂದರೆ ‘ಒಂದು ನೂರು ಇಪ್ಪತ್ತು’. ನಾವು ‘ಇಪ್ಪತ್ಮೂರು’, ‘ನೂರಿಪ್ಪತ್ತು’ ಅನ್ನುತ್ತೇವೆ. ಕೋಡಿಗೇ ಕೈ ಹಾಕಿ ಸರಿಮಾಡಬಹುದು, ಆದರೆ ಅವನು “ಅರ್ಥ ಆಗುತ್ತೆ, ಬಿಡು” ಅಂದ. ಬ್ಯಾಟರಿಗೆ ‘ಶೇಕಡಾ’ ಅಂತ ಬರೆದಿದ್ದರೆ ‘ಐವತ್ತು ಶೇಕಡಾ’ ಅಂತ ತಲೆಕೆಳಗಾಗುತ್ತಿತ್ತು, ಯಾಕಂದರೆ ಸಂಖ್ಯೆ ಮೊದಲು ಬರುತ್ತದೆ. ‘ಪರ್ಸೆಂಟ್’ ಅಂತ ಬರೆದರೆ ಮಾತಾಡುವ ಹಾಗೇ ಕೇಳುತ್ತದೆ.

ಒಂದು ಎಚ್ಚರ: ದನಿ ಫೈಲ್ ಮತ್ತು ರಾಕ್‌ಬಾಕ್ಸ್ ಆವೃತ್ತಿ ಹೊಂದಿಕೊಂಡಿರಬೇಕು. ರಾಕ್‌ಬಾಕ್ಸ್ ಅಪ್‌ಡೇಟ್ ಮಾಡಿದರೆ ದನಿಯನ್ನೂ ಮತ್ತೆ ಕಟ್ಟಿ ಹಾಕಿ.

ಹೆಸರು ಹೇಳುವ ಕ್ಲಿಪ್‌ಗಳು

ಮೆನು ಒಂದು ಸಲದ ಕೆಲಸ. ದಿನಾ ಬರುವುದು ಪಾಡ್‌ಕಾಸ್ಟ್ ಕಂತುಗಳು. ಪ್ಲೇಯರ್ ಒಳಗೆ ಟಿಟಿಎಸ್ ಇಲ್ಲ. ಪ್ರತಿ ಫೈಲಿಗೂ ಅದರ ಹೆಸರು ಹೇಳುವ ಸಣ್ಣ ಕ್ಲಿಪ್ಪನ್ನು ಕಂಪ್ಯೂಟರಿನಲ್ಲಿ ತಯಾರಿಸಿ ಪಕ್ಕದಲ್ಲೇ ಇಡಬೇಕು. ಇದೇನು ಹಳ್ಳಿ ಉಪಾಯ ಅಂದುಕೊಳ್ಳಬೇಡಿ. 2009ರಲ್ಲೇ ಬಂದ ಪರದೆಯಿಲ್ಲದ ಐಪಾಡ್ ಶಫಲ್ ಹಾಡಿನ ಹೆಸರು ಹೇಳುತ್ತಿತ್ತಲ್ಲ, ಅದೂ ಹೀಗೇ. ದನಿ ತಯಾರಾಗುತ್ತಿದ್ದದ್ದು ಐಟ್ಯೂನ್ಸ್ ಇರುವ ಕಂಪ್ಯೂಟರಿನಲ್ಲಿ.

ರಾಕ್‌ಬಾಕ್ಸ್ ನಿಯಮ ಸರಳ. ಫೈಲಿನ ಪೂರ್ತಿ ಹೆಸರು, ಎಂಪಿ3 ಅನ್ನುವ ಬಾಲದ ಸಮೇತ, ಅದರ ಕೊನೆಗೆ ‘ಡಾಟ್ ಟಾಕ್’. ಫೋಲ್ಡರಿಗಾದರೆ ಅದರೊಳಗೆ ‘ಅಂಡರ್‌ಸ್ಕೋರ್ ಡಿರ್‌ನೇಮ್ ಡಾಟ್ ಟಾಕ್’. ಇಸ್ಪೀಕ್ ಕೊಟ್ಟ ವೇವ್ ಫೈಲನ್ನು ರಾಕ್‌ಬಾಕ್ಸ್‌ನದೇ ಸ್ಪೀಕ್ಸ್ ಎನ್‌ಕೋಡರ್‌ಗೆ (ಮಾತನ್ನು ಚಿಕ್ಕ ಫೈಲಾಗಿ ಕುಗ್ಗಿಸುವ ಪ್ರೋಗ್ರಾಂ) ಹಾಕಿದರೆ ಕ್ಲಿಪ್ ರೆಡಿ. ನಡುವೆ ಇನ್ನೊಂದು ಹೆಜ್ಜೆ ಬಿಡಬೇಡಿ. ವೇವ್‌ಟ್ರಿಮ್ ಅನ್ನುವ ಪುಟ್ಟ ಉಪಕರಣ ಹಿಂದೆ ಮುಂದೆ ಇರುವ ಮೌನವನ್ನು ಕತ್ತರಿಸುತ್ತದೆ. ಪಟ್ಟಿಯಲ್ಲಿ ಸರಸರ ಇಳಿಯುವಾಗ ಪ್ರತಿ ಕ್ಲಿಪ್ಪಿನ ಮುಂದೆ ಅರ್ಧ ಸೆಕೆಂಡು ಮೌನ ಇದ್ದರೆ ಪ್ಲೇಯರ್ ಮಂದ ಅನಿಸುತ್ತದೆ. ಕತ್ತರಿಸಿದ ಮೇಲೆ ಅದೇ ಪ್ಲೇಯರ್ ಚುರುಕು.

ಇನ್ನು ಏನು ಹೇಳಿಸಬೇಕು? ಆರ್‌ಎಸ್‌ಎಸ್ ಫೀಡಿನಲ್ಲಿ (ಪಾಡ್‌ಕಾಸ್ಟಿನ ಹೊಸ ಕಂತುಗಳ ಪಟ್ಟಿ) ಬರುವ ಶೀರ್ಷಿಕೆಯನ್ನು ಹಾಗೇ ಓದಿಸಿದರೆ ಕೆಲಸ ಕೆಡುತ್ತದೆ. ಶೀರ್ಷಿಕೆಗಳು ಹೆಚ್ಚಾಗಿ ಹೀಗಿರುತ್ತವೆ: ಕಾರ್ಯಕ್ರಮದ ಹೆಸರು, ಸೀಸನ್, ಕಂತು ಸಂಖ್ಯೆ, ಗೀಟು, ಆಮೇಲೆ ವಿಷಯ. ಕಣ್ಣು ಮೊದಲಿನದನ್ನೆಲ್ಲ ಹಾರಿ ವಿಷಯಕ್ಕೆ ಹೋಗುತ್ತದೆ. ಕಿವಿ ಹಾರುವುದಿಲ್ಲ, ಸಾಲಿನಲ್ಲೇ ನಿಲ್ಲಬೇಕು. ಹತ್ತು ಕಂತು ದಾಟುವಾಗ ಹತ್ತು ಸಲ ಕಾರ್ಯಕ್ರಮದ ಹೆಸರು ಕೇಳಬೇಕು, ಅದೂ ಆ ಕಾರ್ಯಕ್ರಮದ ಫೋಲ್ಡರಿನೊಳಗೇ ಕೂತು.

ಹಾಗಾಗಿ ನನ್ನ ಪೈಥಾನ್ ಸ್ಕ್ರಿಪ್ಟ್ ಶೀರ್ಷಿಕೆಯನ್ನು ಮಗುಚಿ ಹಾಕುತ್ತದೆ. ಒಂದೇ ಫೀಡಿನ ಎಲ್ಲ ಶೀರ್ಷಿಕೆಗಳನ್ನು ಪಕ್ಕಪಕ್ಕ ಇಟ್ಟು, ಶುರುವಿನಲ್ಲಿ ಎಲ್ಲದಕ್ಕೂ ಒಂದೇ ಆಗಿರುವ ಭಾಗವನ್ನು ಕಿತ್ತುಹಾಕುತ್ತದೆ. ಉಳಿದ ವಿಷಯ ಮೊದಲು. ಆಮೇಲೆ ಎಷ್ಟು ನಿಮಿಷ. ಕೊನೆಗೆ ತಾರೀಕು, ಕಂತು ಸಂಖ್ಯೆ. ಈ ಕ್ರಮ ಅವನದೇ. ನಿಮಿಷ ತಾರೀಕಿಗಿಂತ ಮುಂಚೆ ಯಾಕೆ ಅಂದರೆ, ಬಸ್ಸಿನಲ್ಲಿ ಕೂತಾಗ ಮೊದಲು ತಿಳಿಯಬೇಕಾದ್ದು ಇಳಿಯುವಷ್ಟರಲ್ಲಿ ಇದು ಮುಗಿಯುತ್ತದಾ ಅನ್ನುವುದು. ವಿಷಯ ಕೇಳಿ ಬೇಡ ಅನಿಸಿದರೆ ಕೆಳಗಿನ ಗುಂಡಿ ಒತ್ತುತ್ತಾನೆ, ಉಳಿದ ಮಾತು ಅಲ್ಲೇ ಕತ್ತರಿಸುತ್ತದೆ. ಮೊದಲ ಎರಡು ಮೂರು ಪದ ಸರಿ ಇದ್ದರೆ ಇಡೀ ಪಟ್ಟಿ ಸರಿ.

ಇಂಗ್ಲಿಷ್ ಅಕ್ಷರದಲ್ಲಿರುವ ಪದಗಳು ಬಂದಾಗ ದನಿಯ ಧಾಟಿ ಬದಲಾಗಿ ಎಡವಿದಂತೆ ಕೇಳುತ್ತದೆ. ಮತ್ತೆ ಮತ್ತೆ ಬರುವ ಅಂಥ ಪದಗಳಿಗೆ ಒಂದು ಪಟ್ಟಿ ಮಾಡಿ, ಓದಿಸುವ ಮುಂಚೆ ಕನ್ನಡ ಅಕ್ಷರಕ್ಕೆ ಬದಲಿಸುತ್ತೇನೆ.

ಫೈಲ್ ಹೆಸರು ಮಾತ್ರ ಬರೀ ತಾರೀಕಿನ ಅಂಕಿಗಳು. ಅದು ಯಂತ್ರಕ್ಕೆ, ಕ್ಲಿಪ್ ಕಿವಿಗೆ. ಒಮ್ಮೆ ಕೊಟ್ಟ ಹೆಸರನ್ನು ಸ್ಕ್ರಿಪ್ಟ್ ಎಂದೂ ಬದಲಿಸುವುದಿಲ್ಲ. ಕಾರಣ ಬುಕ್‌ಮಾರ್ಕ್. ನಿಲ್ಲಿಸಿದ ಜಾಗವನ್ನು ರಾಕ್‌ಬಾಕ್ಸ್ ಫೈಲಿನ ವಿಳಾಸದ ಜೊತೆ ಬರೆದಿಡುತ್ತದೆ, ಹೆಸರು ಬದಲಾದರೆ ಅದು ಅನಾಥ. ಹೊಸದು ಮೇಲೆ ಬರುವುದಕ್ಕೆ ಫೈಲ್‌ಗಳನ್ನು ‘ಹೊಸ ತಾರೀಕು ಮೊದಲು’ ಅಂತ ಜೋಡಿಸುವ ಸೆಟ್ಟಿಂಗ್ ಹಾಕಿ, ಪ್ರತಿ ಫೈಲಿನ ಸಮಯವನ್ನು ಫೀಡಿನ ಪ್ರಕಟಣೆಯ ಸಮಯಕ್ಕೆ ಹೊಂದಿಸಿದೆ. ಆದರೆ ಧಾರಾವಾಹಿ ಥರದವು ಮೊದಲ ಕಂತಿನಿಂದ ಬರಬೇಕು, ಮತ್ತು ಈ ಸೆಟ್ಟಿಂಗ್ ಎಲ್ಲ ಫೋಲ್ಡರಿಗೂ ಒಂದೇ. ಉಪಾಯ ಸುಲಭ. ಧಾರಾವಾಹಿಗಳಿಗೆ ಸುಳ್ಳು ತಾರೀಕು. ಮೊದಲ ಕಂತಿಗೆ ಎಲ್ಲಕ್ಕಿಂತ ಹೊಸದು, ಕೊನೆಯದಕ್ಕೆ ಎಲ್ಲಕ್ಕಿಂತ ಹಳೆಯದು. ಪ್ಲೇಯರ್ ನಂಬುತ್ತದೆ.

ಧ್ವನಿಮಟ್ಟವನ್ನೂ ಇದೇ ಹಂತದಲ್ಲಿ ಸಮ ಮಾಡುತ್ತೇನೆ. ಎಫ್‌ಎಫ್‌ಎಂಪೆಗ್ ಅನ್ನುವ ಆಡಿಯೊ ಉಪಕರಣದ ಲೌಡ್‌ನಾರ್ಮ್ ಫಿಲ್ಟರ್‌ಗೆ ಗುರಿ −16 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಜೋರಿನ ಅಳತೆ). ಕಂತಿನಿಂದ ಕಂತಿಗೆ ವಾಲ್ಯೂಮ್ ಹಾರಿದರೆ ಮೆನು ದನಿ ಒಮ್ಮೆ ಕೇಳಿಸುವುದಿಲ್ಲ, ಒಮ್ಮೆ ಕಿವಿಗೆ ಹೊಡೆಯುತ್ತದೆ.

ಅಧ್ಯಾಯಗಳು, ಡೈಸಿ ಪುಸ್ತಕ

ಕೆಲವು ಪಾಡ್‌ಕಾಸ್ಟ್‌ಗಳು ಎಂಪಿ3 ಒಳಗೇ ಅಧ್ಯಾಯದ ಗುರುತು ಇಡುತ್ತವೆ. ಅದನ್ನು ಎಫ್‌ಎಫ್‌ಎಂಪೆಗ್ ಜೊತೆ ಬರುವ ಎಫ್‌ಎಫ್‌ಪ್ರೋಬ್‌ನಿಂದ ಹೊರತೆಗೆದು ಕ್ಯೂಶೀಟ್ (ಯಾವ ಅಧ್ಯಾಯ ಎಲ್ಲಿ ಶುರು ಅನ್ನುವ ಪಟ್ಟಿ) ಬರೆಯಬಹುದು, ರಾಕ್‌ಬಾಕ್ಸ್ ಅದನ್ನು ಓದುತ್ತದೆ. ಆಗ ಮುಂದಿನ ಗುಂಡಿ ಮುಂದಿನ ಅಧ್ಯಾಯಕ್ಕೆ ಹಾರುತ್ತದೆ. ಕ್ಯೂಶೀಟಿನಲ್ಲಿ ಸಮಯವನ್ನು ನಿಮಿಷ, ಸೆಕೆಂಡು, ಫ್ರೇಮ್ ಅಂತ ಬರೆಯಬೇಕು, ಸೆಕೆಂಡಿಗೆ 75 ಫ್ರೇಮ್. ಇದು ಸಿಡಿ ಕಾಲದ ಲೆಕ್ಕ. ಆದರೆ ಟಾಕ್ ಕ್ಲಿಪ್ ಇರುವುದು ಫೈಲಿಗೆ ಮಾತ್ರ, ಕ್ಯೂಶೀಟಿನ ಸಾಲಿಗೆ ಅಲ್ಲ. ಹಾರಬಹುದು, ಹೆಸರು ಕೇಳಿ ಆಯ್ಕೆ ಮಾಡಿ ಹೋಗುವಂತಿಲ್ಲ. ಒಂದು ಗಂಟೆಯ ಹರಟೆಗೆ ಇದು ಸಾಕು. ಉದ್ದದ ಪಾಠಗಳನ್ನು ಮಾತ್ರ ಅಧ್ಯಾಯಕ್ಕೊಂದು ಫೈಲ್ ಅಂತ ಕತ್ತರಿಸಿ, ಒಂದೊಂದಕ್ಕೂ ಕ್ಲಿಪ್ ಇಡುತ್ತೇನೆ.

ಅವನ ಹತ್ತಿರ ಡೈಸಿ 2.02 (ಕಣ್ಣು ಕಾಣದವರಿಗಾಗಿ ಮಾಡಿದ ಕೇಳುಪುಸ್ತಕದ ಮಾದರಿ) ಪುಸ್ತಕಗಳೂ ಇದ್ದವು. ಅದರೊಳಗೆ ಇರುವುದು ಸಾಮಾನ್ಯವಾಗಿ ಮಾಮೂಲಿ ಎಂಪಿ3ಗಳೇ, ಜೊತೆಗೆ ಪಠ್ಯ ಮತ್ತು ದನಿಯನ್ನು ಹೊಂದಿಸುವ ಸ್ಮಿಲ್ ಫೈಲ್‌ಗಳು, ಎನ್‌ಸಿಸಿ ಅನ್ನುವ ಪರಿವಿಡಿ. ಸ್ಕ್ರಿಪ್ಟ್ ಪರಿವಿಡಿ ಓದಿ ಅಧ್ಯಾಯದ ಹೆಸರಿನ ಕ್ಲಿಪ್ ಮಾಡುತ್ತದೆ. ಅಧ್ಯಾಯ, ಉಪ ಅಧ್ಯಾಯ, ಪುಟ ಅಂತ ಹಂತ ಹಂತವಾಗಿ ಹಾರುವ ಡೈಸಿಯ ಸೊಗಸು ಇದರಲ್ಲಿ ಹೋಗುತ್ತದೆ. ಓದಿನ ಪುಸ್ತಕಕ್ಕೆ ನಿಜವಾದ ಡೈಸಿ ಪ್ಲೇಯರ್ ಬೇಕು, ಕಥೆ ಕಾದಂಬರಿಗೆ ಇದು ಧಾರಾಳ.

ಕಂತು ತರುವ ಕಡೆ

ಒಂದು ಪಾಡ್‌ಕಾಸ್ಟಿನ ವೆಬ್ ಪುಟವನ್ನು ನಾನೇ ನೋಡಿಕೊಳ್ಳುತ್ತೇನೆ. ಅದರಲ್ಲಿರುವ ಪ್ಲೇಯರನ್ನೂ ಇದೇ ನೆಪದಲ್ಲಿ ರಿಪೇರಿ ಮಾಡಿದೆ. ಚಿತ್ರ ಅಂಟಿಸಿದ ಡಿವ್‌ಗಳನ್ನೆಲ್ಲ (ಗುಂಡಿಯಂತೆ ಕಾಣುವ ಬರೀ ಚೌಕಗಳು) ತೆಗೆದು ನಿಜವಾದ ಬಟನ್ ಎಲಿಮೆಂಟ್ ಹಾಕಿದೆ, ಪ್ರತಿಯೊಂದಕ್ಕೂ ಹೆಸರು ಕೊಟ್ಟೆ. ಪ್ಲೇ ಬಟನ್ನಿನ ಹೆಸರು ಒತ್ತಿದಾಗ ‘ನಿಲ್ಲಿಸು’ ಅಂತ ಬದಲಾಗುತ್ತದೆ. ಹೀಗೆ ಹೆಸರು ಬದಲಿಸುವುದಾದರೆ ಏರಿಯಾ-ಪ್ರೆಸ್ಡ್ (ಗುಂಡಿ ಒತ್ತಿದೆ ಅಂತ ಸ್ಕ್ರೀನ್ ರೀಡರ್‌ಗೆ ತಿಳಿಸುವ ಗುರುತು) ಹಾಕಬಾರದು. ಎರಡೂ ಇದ್ದರೆ ಸ್ಕ್ರೀನ್ ರೀಡರ್ ‘ನಿಲ್ಲಿಸು, ಒತ್ತಲಾಗಿದೆ’ ಅನ್ನುತ್ತದೆ. ಹಾಗಾದರೆ ಓಡುತ್ತಿದೆಯೋ, ನಿಂತಿದೆಯೋ? ಜಾರುಪಟ್ಟಿಗೆ ಏರಿಯಾ-ವ್ಯಾಲ್ಯೂಟೆಕ್ಸ್ಟ್ (ಅಂಕಿಯ ಬದಲು ಓದಬೇಕಾದ ಮಾತು) ಕೊಟ್ಟ ಮೇಲೆ ‘43 ಪರ್ಸೆಂಟ್’ ಬದಲು ‘18 ನಿಮಿಷ 20 ಸೆಕೆಂಡು’ ಅನ್ನುತ್ತದೆ. ಓಡುವ ಸಮಯವನ್ನು ಲೈವ್ ರೀಜನ್ (ಬದಲಾದಾಗಲೆಲ್ಲ ತಾನಾಗಿ ಓದಿಸುವ ಭಾಗ) ಮಾಡಲು ಹೋಗಬೇಡಿ, ಸೆಕೆಂಡಿಗೊಮ್ಮೆ ಬಾಯಿ ಬಿಡುತ್ತದೆ.

ಕೈ ತಪ್ಪಿದಾಗ

ಕೊನೆಗೆ ಉಳಿದ ಭಯ ಒಂದೇ. ಮೆನುವಿನಲ್ಲಿ ಅಡ್ಡಾಡುವಾಗ ದನಿಯ ಸೆಟ್ಟಿಂಗೇ ಆಫ್ ಆಗಿಬಿಟ್ಟರೆ? ಮೂಕ ಮೆನುವಿನಲ್ಲಿ ದನಿ ಹುಡುಕುವುದು ಅವನಿಗೆ ಆಗದ ಕೆಲಸ. ಇದಕ್ಕೆ ರಾಕ್‌ಬಾಕ್ಸ್‌ನ ಒಂದು ಗುಣ ನೆರವಿಗೆ ಬಂತು. ಸೆಟ್ಟಿಂಗ್‌ಗಳನ್ನೆಲ್ಲ ಒಂದು ಸಿಎಫ್‌ಜಿ ಫೈಲಾಗಿ ಉಳಿಸಬಹುದು. ಆಮೇಲೆ ಹಾಡಿನ ಹಾಗೆ ಆ ಫೈಲಿನ ಮೇಲೆ ಒತ್ತಿದರೆ ಅಷ್ಟೂ ವಾಪಸ್.

ಅಂಥ ಫೈಲೊಂದನ್ನು ಪ್ಲೇಯರಿನ ಮೊದಲ ಹಂತದಲ್ಲೇ ಇಟ್ಟೆ. ಅಲ್ಲಿ ಉಳಿದದ್ದೆಲ್ಲ ಫೋಲ್ಡರ್‌ಗಳು. ಫೋಲ್ಡರ್‌ಗಳು ಮೊದಲು, ಫೈಲ್ ಆಮೇಲೆ, ಆದ್ದರಿಂದ ಇದು ಯಾವಾಗಲೂ ಪಟ್ಟಿಯ ಕೊನೆಗೆ. ಪಟ್ಟಿ ಸುತ್ತಿ ಬರುವುದರಿಂದ ಮೊದಲ ಸಾಲಿನಲ್ಲಿ ಮೇಲಿನ ಗುಂಡಿ ಒತ್ತಿದರೆ ನೇರ ಕೊನೆಗೇ ಹೋಗುತ್ತದೆ. ಆನ್ ಆದಾಗ ಫೈಲ್ ಪಟ್ಟಿಯೇ ತೆರೆಯುವಂತೆಯೂ ಹೊಂದಿಸಿದೆ. ಅಂದರೆ ಏನಾದರೂ ಎಡವಟ್ಟಾದರೆ ಆಫ್ ಮಾಡಿ ಆನ್ ಮಾಡು, ಮೇಲಿನದು ಒಂದು ಸಲ, ನಡುವಿನದು ಒಂದು ಸಲ. ಫೈಲಿಗೆ ಟಾಕ್ ಕ್ಲಿಪ್ಪೂ ಇದೆ: ‘ಮೊದಲಿನ ಹಾಗೆ ಮಾಡು’. ಅವನು ಅದನ್ನು ಪರೀಕ್ಷಿಸಲು ಬೇಕಂತಲೇ ಎಲ್ಲ ದನಿ ಆಫ್ ಮಾಡಿದ. ಸಹಾಯ ಮಾಡು ಅಂತ ನನ್ನನ್ನು ಕೇಳಲೂ ಇಲ್ಲ, ತಾನೇ ವಾಪಸ್ ತಂದ. ಆಮೇಲೆ ಕೇಳಿದ್ದು ಇಷ್ಟು: “ಜಾಹೀರಾತು ಹಾರಿಸೋಕೆ 30 ಸೆಕೆಂಡಿನ ಗುಂಡಿ ಮಾಡ್ತೀಯಾ?” ರಾಕ್‌ಬಾಕ್ಸ್‌ನಲ್ಲಿ ಸ್ಕಿಪ್ ದೂರವನ್ನು ಬದಲಿಸುವ ಸೆಟ್ಟಿಂಗ್ ಇದೆ. 30 ಸೆಕೆಂಡಿಗೆ ಇಟ್ಟು, ಸಿಎಫ್‌ಜಿ ಫೈಲನ್ನು ಮತ್ತೊಮ್ಮೆ ಉಳಿಸಿ ಕೊಟ್ಟೆ.